ಬಾಡು ಒಳ್ಳೇದೇ, ದನ ಹೇಗೆ ಸತ್ತಿತು ಅನ್ನೋದು ಮುಖ್ಯ

ದನದ ಹಾಲು, ಗೊಬ್ಬರ, ಗಂಜಲ ಇವುಗಳ ಬಗ್ಗೆ ನಾವು ರೈತರು ಬೇಕಾದಷ್ಟು ಬರೆದುಕೊಂಡಿದ್ದೇವೆ. ದನದ ಬಾಡಿನ ಬಗ್ಗೆ ಮಾತ್ರ ಬರೆಯುವವರು ಕಡಿಮೆ. ತಿನ್ನುವವರಿಗೆ ಹಿಂಜರಿಕೆ, ತಿನ್ನದವರಿಗೆ ಬೇಕಾಗಿಲ್ಲ. ತಿನ್ನಬೇಕೋ ಬೇಡವೋ ಅನ್ನುವ ಜಗಳ ಈ ಬರಹದ್ದಲ್ಲ. ಅದು ಅವರವರ ಮನೆಯ ವಿಚಾರ. ಆದರೆ ತಿನ್ನುವ ಮನೆಗಳು ನಮ್ಮ ಹಳ್ಳಿಗಳಲ್ಲಿ ಇದ್ದೇ ಇವೆ, ನಮ್ಮದೂ ಅದರಲ್ಲಿ ಒಂದು. ಅದರಲ್ಲಿ ಸತ್ವ ಎಷ್ಟು, ಅಪಾಯ ಎಲ್ಲಿ ಅಂತ ತಿಳಿದಿರಬೇಕು. ಮುಂದೆ ಹೇಳುವ ಅರ್ಧ ಮಾತು ತಿನ್ನದ ದನ ಸಾಕಣೆದಾರರಿಗೂ, ಕುರಿ ಮೇಕೆ ತಿನ್ನುವವರಿಗೂ ಸೇರಿದ್ದು.

ನಮ್ಮದು ಚಿಂತಾಮಣಿ ತಾಲೂಕಿನ ಒಣಭೂಮಿ. ಮೂರೆಕರೆ. ರಾಗಿ, ಅವರೆ, ತೊಗರಿ, ಮಳೆ ನೋಡಿಕೊಂಡು ಕಡಲೆಕಾಯಿ. ಜೊತೆಗೆ ಎರಡು ಸೀಮೆಹಸು. ನಾನು ಓದಿರುವುದು ಏಳನೇ ಕ್ಲಾಸು. ದನದ ಡಾಕ್ಟರುಗಳನ್ನು ಕೇಳಿ, ಪುಸ್ತಕ ಓದಿ, ಕಣ್ಣಲ್ಲಿ ಕಂಡಿದ್ದನ್ನು ಸೇರಿಸಿ ಬರೆಯುತ್ತಿದ್ದೇನೆ.

ಮುದ್ದೆಗೆ ಬಾಡು ಯಾಕೆ ಹೊಂದುತ್ತದೆ

ಕೊಬ್ಬು ತೆಗೆದ ಹಸಿ ಬಾಡು 100 ಗ್ರಾಂ ತಗೊಂಡರೆ ಅದರಲ್ಲಿ ಸುಮಾರು 20 ಗ್ರಾಂ ಪ್ರೋಟೀನು. ಅಷ್ಟೇ ರಾಗಿಯಲ್ಲಿ 7 ಗ್ರಾಂ. ಹುರುಳಿಕಾಳಲ್ಲಿ ಬಾಡಿನಷ್ಟೇ ಇದೆ, ಒಂದೆರಡು ಗ್ರಾಂ ಜಾಸ್ತಿಯೇ ಇರಬಹುದು. ಹಾಗಿದ್ದರೆ ಹುರುಳಿ ಸಾಲದೇ ಅಂತ ಕೇಳುತ್ತೀರಿ. ಮೈ ಬೆಳೆಯಲು ಬೇಕಾದ ಪ್ರೋಟೀನಿನ ಎಲ್ಲಾ ತುಂಡುಗಳೂ ಸರಿಯಾದ ಪ್ರಮಾಣದಲ್ಲಿ ಬಾಡು, ಮೊಟ್ಟೆ, ಹಾಲಲ್ಲಿ ಒಟ್ಟಿಗೆ ಸಿಗುತ್ತವೆ. ಕಾಳಲ್ಲಿ ಒಂದಿದ್ದರೆ ಒಂದು ಕಡಿಮೆ. ರಾಗಿ ಜೊತೆ ಕಾಳು ತಿಂದರೆ ಒಂದಕ್ಕೊಂದು ತುಂಬಿಕೊಳ್ಳುತ್ತವೆ. ನಮ್ಮ ಹಿರಿಯರ ಮುದ್ದೆ, ಹುರುಳಿಕಾಳಿನ ಸಾರು ದಡ್ಡರ ಊಟ ಅಲ್ಲ.

ನಿಜವಾದ ವ್ಯತ್ಯಾಸ ಇರುವುದು ಕಬ್ಬಿಣದಲ್ಲಿ. ಕಾಗದದ ಮೇಲೆ ನೋಡಿದರೆ ರಾಗಿ, ಹುರುಳಿಯಲ್ಲೇ ಬಾಡಿಗಿಂತ ಕಬ್ಬಿಣ ಹೆಚ್ಚು. 100 ಗ್ರಾಂ ಬಾಡಲ್ಲಿ ಇರುವುದು 2ರಿಂದ 3 ಮಿಲಿಗ್ರಾಂ ಅಷ್ಟೆ. ಆದರೆ ತಿಂದಿದ್ದೆಲ್ಲ ಮೈಗೆ ಹತ್ತುವುದಿಲ್ಲವಲ್ಲ. ಬಾಡಿನ ಕಬ್ಬಿಣದಲ್ಲಿ ಒಂದು ದೊಡ್ಡ ಪಾಲು ಅದರ ಕೆಂಪು ಬಣ್ಣದ ಒಳಗೆ ಕೂತಿರುವಂಥದ್ದು. ಅದರಲ್ಲಿ ನೂರಕ್ಕೆ 15ರಿಂದ 35 ಪಾಲು ಕರುಳು ಎಳೆದುಕೊಳ್ಳುತ್ತದೆ. ಕಾಳು ಸೊಪ್ಪಿನ ಕಬ್ಬಿಣದಲ್ಲಿ ಸಾಮಾನ್ಯವಾಗಿ ನೂರಕ್ಕೆ ಹತ್ತೂ ದಾಟುವುದಿಲ್ಲ. ರಾಗಿಯ ಹೊಟ್ಟಿನಲ್ಲಿರುವ ಒಗರು ಅದನ್ನು ಹಿಡಿದುಕೊಂಡುಬಿಡುತ್ತದೆ. ಊಟದ ಹಿಂದೆಯೇ ಟೀ ಕುಡಿದರೆ ಇನ್ನೂ ಕಡಿಮೆ.

ಇನ್ನೊಂದು ವಿಷಯ ನನಗೆ ತುಂಬಾ ಹಿಡಿಸಿತು. ಬಾಡಿನ ಜೊತೆ ತಿಂದ ಸೊಪ್ಪು ಕಾಳಿನ ಕಬ್ಬಿಣವೂ ಹೆಚ್ಚಾಗಿ ಮೈಗೆ ಹತ್ತುತ್ತದೆ. ಅಂದರೆ ಒಬ್ಬರಿಗೆ ಕಾಲು ಕೆಜಿ ಬಾಡು ಬೇಕಾಗಿಲ್ಲ. ಅವರೆಕಾಳೋ ಸೊಪ್ಪೋ ಹಾಕಿದ ಸಾರಿನಲ್ಲಿ ನಾಲ್ಕು ತುಂಡು ಬಿದ್ದರೂ ಆ ಊಟದ ಬೆಲೆ ಬೇರೆ. ಬಾಡಲ್ಲಿ ಸುಣ್ಣದ ಅಂಶ ಇಲ್ಲವೆನ್ನುವಷ್ಟು ಕಡಿಮೆ. ರಾಗಿಯಲ್ಲಿ 100 ಗ್ರಾಮಿಗೆ 350 ಮಿಲಿಗ್ರಾಮಿನ ಆಸುಪಾಸು. ಒಂದರ ಕೊರತೆ ಇನ್ನೊಂದು ತುಂಬಿಸುತ್ತದೆ.

ಬಿ12 ಅನ್ನುವ ವಿಟಮಿನ್ನು ಗಿಡದಿಂದ ಬರುವ ಯಾವ ಆಹಾರದಲ್ಲೂ ಇಲ್ಲ. ಹಾಲು, ಮೊಟ್ಟೆ, ಮೀನು, ಬಾಡಿನಿಂದಲೇ ಬರಬೇಕು. 100 ಗ್ರಾಂ ದನದ ಬಾಡಲ್ಲಿ ದೊಡ್ಡವರಿಗೆ ಒಂದು ದಿನಕ್ಕೆ ಬೇಕಾದ್ದು ಹತ್ತಿರ ಹತ್ತಿರ ಸಿಗುತ್ತದೆ. ಅದು ಕಡಿಮೆಯಾದರೆ ಸುಸ್ತು, ಅಂಗಾಲು ಅಂಗೈ ಜುಮ್ಮೆನ್ನುವುದು, ಮರೆವು. ಬಾಡು ತಿನ್ನದವರು ಹಾಲು ಮೊಸರಿನಿಂದ ಪಡೆಯಬಹುದು. ಆದರೆ ಕರೆದ ಹಾಲೆಲ್ಲ ಡೈರಿಗೆ ಹಾಕಿ ಮಕ್ಕಳಿಗೆ ಕರೀ ಟೀ ಕೊಡುವ ಮನೆಗಳು ನಮ್ಮ ಜಿಲ್ಲೆಯಲ್ಲಿ ಎಷ್ಟಿಲ್ಲ! 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಹೆಂಗಸರಲ್ಲಿ ಸುಮಾರು ಅರ್ಧದಷ್ಟು ಜನಕ್ಕೆ, ಐದು ವರ್ಷದೊಳಗಿನ ಮಕ್ಕಳಲ್ಲಿ ಮೂರಕ್ಕೆ ಎರಡು ಪಾಲಿಗೆ ರಕ್ತ ಕಡಿಮೆ ಅಂತ ಬಂತು. ಬಾಡು ತಿನ್ನದ ಮನೆಯವರು ಮೊಟ್ಟೆಯಾದರೂ ತಿನ್ನಲಿ. ಅದೂ ಬೇಡವಾದರೆ ರಾಗಿ ಮೊಳಕೆ ಕಟ್ಟಿ ಹಿಟ್ಟು ಮಾಡಿ, ಸೊಪ್ಪಿನ ಸಾರಿಗೆ ನಿಂಬೆಹಣ್ಣು ಹಿಂಡಿ, ಊಟ ಆದ ಮೇಲೆ ಒಂದು ಗಂಟೆ ಟೀ ಮುಟ್ಟಬೇಡಿ. ಮೊಳಕೆ ಕಟ್ಟಿದಾಗ ಆ ಹಿಡಿತ ಸಡಿಲವಾಗುತ್ತದೆ. ನಿಂಬೆಯ ಹುಳಿ ಕಬ್ಬಿಣ ಹತ್ತುವುದಕ್ಕೆ ನೆರವಾಗುತ್ತದೆ.

ಒಳ್ಳೇದು ಅಂತ ದಿನಾ ತಿನ್ನುವುದೂ ತಪ್ಪೇ. 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗದವರು ಕೆಂಪು ಮಾಂಸ ಅಂದರೆ ದನ, ಹಂದಿ, ಕುರಿ, ಮೇಕೆ ಇವೆಲ್ಲವನ್ನೂ ಕರುಳಿನ ಕ್ಯಾನ್ಸರಿಗೆ ಕಾರಣ ಆಗಿರಬಹುದಾದ ಪಟ್ಟಿಗೆ ಹಾಕಿದರು. ಉಪ್ಪು, ರಾಸಾಯನಿಕ ಹಾಕಿ ಕೆಡದಂತೆ ಇಟ್ಟ ಪ್ಯಾಕೆಟ್ ಮಾಂಸವನ್ನು ಖಂಡಿತ ಕಾರಣ ಅನ್ನುವ ಪಟ್ಟಿಗೆ ಹಾಕಿದರು. ವಾರಕ್ಕೆ ಬೇಯಿಸಿದ ಬಾಡು ಅರ್ಧ ಕೆಜಿ ದಾಟಬಾರದು ಅನ್ನುವುದು ಕ್ಯಾನ್ಸರ್ ತಜ್ಞರ ಸಲಹೆ. ನಮ್ಮ ಬಡವರ ಮನೆಯಲ್ಲಿ ತಿಂಗಳಿಗೆ ಅಷ್ಟು ತಿಂದರೆ ಹೆಚ್ಚು, ಹಾಗಾಗಿ ಇದು ನಮಗಿಂತ ಪೇಟೆಯವರಿಗೆ ಹೇಳಿದ ಮಾತು. ಬಿಪಿ ಇರುವವರಿಗೆ ಉಪ್ಪು ಹಾಕಿ ಒಣಗಿಸಿದ ಖಂಡ ಒಳ್ಳೇದಲ್ಲ. ಕೀಲು ಊದುವ ಯೂರಿಕ್ ಆಸಿಡ್ ಕಾಯಿಲೆಯವರು ಕರುಳು, ಈಲಿ ಬಿಡಬೇಕು. ಕೊಬ್ಬು ಎಲ್ಲರೂ ತೆಗೆದುಹಾಕಿದರೆ ಒಳ್ಳೇದು.

ಈಗ ಯಾವ ಬಾಡು ಸಿಗುತ್ತದೆ

1964ರ ಕಾಯ್ದೆಯಲ್ಲೇ ಹಸು ಕಡಿಯುವುದು ನಿಷೇಧವಾಗಿತ್ತು. 12 ವರ್ಷ ದಾಟಿದ ಎತ್ತು, ಕೋಣ, ಎಮ್ಮೆಗೆ ಸರ್ಟಿಫಿಕೇಟಿನ ಮೇಲೆ ಅವಕಾಶ ಇತ್ತು. 2021ರ ಜನವರಿಯಿಂದ ಜಾರಿಗೆ ಬಂದ ಹೊಸ ಕಾಯ್ದೆಯಲ್ಲಿ ಹಸು, ಕರು, ಹೋರಿ, ಎತ್ತು ಯಾವ ವಯಸ್ಸಿನದ್ದಾದರೂ ಕಡಿಯುವಂತಿಲ್ಲ. 13 ವರ್ಷ ದಾಟಿದ ಎಮ್ಮೆ ಕೋಣಕ್ಕೆ ಮಾತ್ರ, ಅದೂ ಅಧಿಕಾರಿಯ ಸರ್ಟಿಫಿಕೇಟ್ ಪಡೆದು. ತಪ್ಪಿದರೆ 3ರಿಂದ 7 ವರ್ಷ ಜೈಲು, 50 ಸಾವಿರದಿಂದ 5 ಲಕ್ಷದವರೆಗೆ ದಂಡ. ಕಾಯ್ದೆ ಸರಿಯೋ ತಪ್ಪೋ ಅನ್ನುವುದಕ್ಕೆ ಇದು ಜಾಗ ಅಲ್ಲ. ಮುದಿ ಎತ್ತು, ಗಂಡುಕರು ಇಟ್ಟುಕೊಂಡವರ ಕಷ್ಟ ಅವರಿಗೇ ಗೊತ್ತು.

ಎಮ್ಮೆ ಬಾಡಿನ ಸತ್ವ ಹಸುವಿನ ಜಾತಿಯದ್ದಕ್ಕಿಂತ ಕಡಿಮೆ ಏನಲ್ಲ. ಕೊಬ್ಬು ಕಡಿಮೆ, ಬಣ್ಣ ಕಪ್ಪುಗೆಂಪು. ಗಮನಿಸಬೇಕಾದ್ದು ಬೇರೆ. ಲೆಕ್ಕದ ಕಸಾಯಿಖಾನೆಯಲ್ಲಿ ಕಡಿಯುವ ಮೊದಲು ದನವನ್ನು, ಕಡಿದ ಮೇಲೆ ಅದರ ಈಲಿ, ಶ್ವಾಸಕೋಶ, ಗಂಟುಗಳನ್ನು ಡಾಕ್ಟರು ನೋಡುವ ನಿಯಮ ಇದೆ. ಕದ್ದು ಕಡಿದ ಕಡೆ ಯಾರು ನೋಡುತ್ತಾರೆ? ದನಕ್ಕೆ ಏನಾಗಿತ್ತು ಅಂತ ಮಾರುವವನೂ ಹೇಳುವುದಿಲ್ಲ. ಕಡಿಮೆ ರೇಟಿಗೆ, ಎಲ್ಲಿಂದ ಬಂತೆಂದು ಗೊತ್ತಿಲ್ಲದ ಬಾಡು ಮನೆ ಬಾಗಿಲಿಗೆ ಬಂದರೆ ಬೇಡ ಅನ್ನಿ.

ತಾನಾಗಿ ಸತ್ತ ದನ

ಈ ಬರಹ ಬರೆಯಲು ಕೂತದ್ದೇ ಈ ಮಾತಿಗಾಗಿ.

ನನ್ನ ಅಪ್ಪನ ಕಾಲದಲ್ಲಿ ಊರಲ್ಲಿ ದನ ಸತ್ತರೆ ಹೊರುವುದು ನಮ್ಮ ಕೇರಿಯ ಕೆಲಸ. ಹೊತ್ತ ಕೂಲಿ ಅಂದರೆ ಅದರ ಚರ್ಮ, ಬಾಡು. ಬರಗಾಲದಲ್ಲಿ ಆ ಬಾಡೇ ಒಣಗಿಸಿಟ್ಟು ತಿಂದವರಿದ್ದಾರೆ. 1927ರಲ್ಲಿ ಮಹಾಡದಲ್ಲಿ ಅಂಬೇಡ್ಕರರು ಸತ್ತ ದನದ ಬಾಡು ಬಿಡಿ ಅಂತ ಜನಕ್ಕೆ ಹೇಳಿದರು. ನಮ್ಮ ಕೋಲಾರ ಸೀಮೆಯಲ್ಲಿ ದಲಿತ ಸಂಘರ್ಷ ಸಮಿತಿಯವರು ಹಳ್ಳಿ ಹಳ್ಳಿಗೆ ಬಂದಾಗ ಅದೇ ಮಾತು ಹೇಳಿದರು. ಅವರು ಹೇಳಿದ್ದು ಮರ್ಯಾದೆಯ ಪ್ರಶ್ನೆಯಾಗಿ. ಆರೋಗ್ಯದ ಲೆಕ್ಕದಲ್ಲಿ ನೋಡಿದರೂ ಅದು ನೂರಕ್ಕೆ ನೂರು ಸರಿ.

ಚೆನ್ನಾಗಿದ್ದ ದನ ಕಡಿದಾಗ ರಕ್ತ ಪೂರ್ತಿ ಹರಿದು ಹೋಗುತ್ತದೆ. ತಾನಾಗಿ ಸತ್ತದ್ದರಲ್ಲಿ ರಕ್ತ ಒಳಗೇ ನಿಲ್ಲುತ್ತದೆ, ಕರುಳಿನ ಕ್ರಿಮಿಗಳು ಗಂಟೆಗಳಲ್ಲಿ ಮೈಗೆಲ್ಲ ಹರಡುತ್ತವೆ. ಬಾಡು ಬೇಗ ಕೊಳೆಯುತ್ತದೆ. ಇದು ಸಣ್ಣ ಕಾರಣ. ದೊಡ್ಡ ಕಾರಣ ಅಂದರೆ, ಯಾವುದರಿಂದ ಸತ್ತಿತು ಅಂತ ಹೊರಗಿನಿಂದ ಹೇಳಲಾಗದು. ಎಳೇ ಜೋಳದ ಪೈರು ಮೇಯ್ದು ವಿಷವಾಗಿರಬಹುದು, ಔಷಧಿ ಹೊಡೆದ ಸೊಪ್ಪು ತಿಂದಿರಬಹುದು, ಹುಚ್ಚುನಾಯಿ ಕಚ್ಚಿರಬಹುದು. ಎಲ್ಲಕ್ಕಿಂತ ಕೆಟ್ಟದ್ದು ನೆರಡಿ. ಆಂಥ್ರಾಕ್ಸ್ ಅಂತ ಡಾಕ್ಟರುಗಳು ಕರೆಯುವುದು ಇದನ್ನೇ. ಕರ್ನಾಟಕ, ಆಂಧ್ರ, ತಮಿಳುನಾಡು ಮೂರರಲ್ಲೂ ಆಗಾಗ ಕಾಣಿಸಿಕೊಳ್ಳುವ ರೋಗ. ದನ, ಎಮ್ಮೆ, ಕುರಿ, ಮೇಕೆ ಎಲ್ಲಕ್ಕೂ ಬರುತ್ತದೆ.

ಲಕ್ಷಣ ಏನೆಂದರೆ, ಸಾಯಂಕಾಲ ಮೇವು ತಿಂದ ದನ ಬೆಳಿಗ್ಗೆ ಸತ್ತು ಬಿದ್ದಿರುತ್ತದೆ. ಹೊಟ್ಟೆ ಬೇಗ ಉಬ್ಬುತ್ತದೆ. ಮೂಗು, ಬಾಯಿ, ಹಿಂಬದಿಯಿಂದ ಕಪ್ಪು ರಕ್ತ ಸೋರುತ್ತದೆ, ಅದು ಹೆಪ್ಪುಗಟ್ಟುವುದಿಲ್ಲ. ಸತ್ತ ದನ ಸೆಟೆಯಬೇಕಲ್ಲ, ಇದು ಸರಿಯಾಗಿ ಸೆಟೆಯುವುದಿಲ್ಲ. ಎಲ್ಲ ಲಕ್ಷಣವೂ ಪ್ರತಿಸಲ ಇರುತ್ತದೆಂದಿಲ್ಲ. ರಕ್ತ ಸೋರಲಿಲ್ಲ, ಹಾಗಾಗಿ ಪರವಾಗಿಲ್ಲ ಅನ್ನುವ ಲೆಕ್ಕ ಹಾಕಬೇಡಿ.

ಇದರ ಕ್ರಿಮಿಯ ಬುದ್ಧಿ ವಿಚಿತ್ರ. ಸತ್ತ ದನದ ಒಳಗೆ ಮುಚ್ಚಿಕೊಂಡಿದ್ದರೆ, ಮೈ ಕೊಳೆಯುವಾಗ ಬೇರೆ ಕ್ರಿಮಿಗಳ ಜೊತೆ ಏಗಲಾರದೆ ಕೆಲವು ದಿನದಲ್ಲಿ ತಾನೇ ಸಾಯುತ್ತದೆ. ಆದರೆ ಚಾಕು ಹಾಕಿ ಕೊಯ್ದಿರೋ, ಗಾಳಿ ತಾಕಿದ ಕೂಡಲೇ ತನ್ನ ಸುತ್ತ ಗಟ್ಟಿ ಚಿಪ್ಪು ಕಟ್ಟಿಕೊಂಡು ಬೀಜದ ಹಾಗೆ ಕೂತುಬಿಡುತ್ತದೆ. ಇದರ ಬೀಜ ಮಣ್ಣಲ್ಲಿ ಹತ್ತಾರು ವರ್ಷ ಬದುಕುತ್ತದೆ. 1942ರಲ್ಲಿ ಬ್ರಿಟಿಷರು ಯುದ್ಧದ ಪ್ರಯೋಗಕ್ಕೆ ಅಂತ ಸ್ಕಾಟ್ಲೆಂಡಿನ ಗ್ರುಯಿನಾರ್ಡ್ ಅನ್ನುವ ಸಣ್ಣ ದ್ವೀಪದಲ್ಲಿ ಕುರಿಗಳ ಮೇಲೆ ಈ ಕ್ರಿಮಿ ಸಿಡಿಸಿದರು. ಆ ದ್ವೀಪಕ್ಕೆ ಜನ ಕಾಲಿಡದಂತೆ ಆಯಿತು. 1986ರಲ್ಲಿ ಫಾರ್ಮಾಲಿನ್ ಕಲಸಿದ ಸಮುದ್ರದ ನೀರಿಂದ ನೆಲ ತೊಳೆದು, 1990ರಲ್ಲಿ ಇನ್ನು ಅಪಾಯ ಇಲ್ಲ ಅಂದರು. 48 ವರ್ಷ! ನಮ್ಮ ಕೆರೆ ಅಂಗಳದಲ್ಲಿ ಒಂದು ದನ ಕೊಯ್ದರೆ ಮೊಮ್ಮಕ್ಕಳ ಕಾಲಕ್ಕೂ ಅಲ್ಲಿ ಮೇಯುವ ದನಕ್ಕೆ ರೋಗ ಇಟ್ಟ ಹಾಗೆ. ಬೇಸಿಗೆಯಲ್ಲಿ ಹುಲ್ಲು ಸಣ್ಣಗಾಗಿ ದನ ಮಣ್ಣು ಸಮೇತ ಕೀಳುವಾಗ, ಒಣಗಿದ ಮೇಲೆ ಮೊದಲ ಮಳೆ ಬಿದ್ದು ಮಣ್ಣು ಅಡಿಮೇಲಾದಾಗ ಇದು ಮೇಲೆ ಬರುತ್ತದೆ.

ಬೇಯಿಸಿದರೆ ಸಾಯುವುದಿಲ್ಲವೇ ಅಂತ ನಮ್ಮ ಊರಲ್ಲೇ ಕೇಳಿದವರಿದ್ದಾರೆ. ಆ ಬೀಜ ಸಾಧಾರಣ ಅಡುಗೆಯ ಶಾಖಕ್ಕೆ ಪೂರ್ತಿ ಸಾಯುತ್ತದೆ ಅಂತ ನಂಬುವಂತಿಲ್ಲ. ಉಪ್ಪು ಹಾಕಿ ಒಣಗಿಸಿದರಂತೂ ಸಾಯುವುದೇ ಇಲ್ಲ. ಅದಕ್ಕಿಂತ ಮುಖ್ಯ, ತಿನ್ನುವ ಮೊದಲೇ ರೋಗ ಹತ್ತಿರುತ್ತದೆ. ಕೊಯ್ದವನ ಕೈಯ ಸಣ್ಣ ಗಾಯದಿಂದ, ತುಂಡು ಮಾಡಿದ ಹೆಂಗಸಿನ ಉಗುರಿನ ಸಂದಿಯಿಂದ ಒಳಗೆ ಹೋಗುತ್ತದೆ. ಒಂದು ವಾರದೊಳಗೆ ಕೈಮೇಲೆ ತುರಿಸುವ ಗುಳ್ಳೆ ಎದ್ದು, ಒಡೆದು, ನಡುವೆ ಇದ್ದಿಲಿನಂಥ ಕರೀ ಹಕ್ಕಳೆ ಕಟ್ಟುತ್ತದೆ. ನೋವು ಇರುವುದಿಲ್ಲ, ಸುತ್ತ ಊದಿಕೊಂಡಿರುತ್ತದೆ. ನೋವಿಲ್ಲ ಅಂತಲೇ ಜನ ಸುಮ್ಮನಿರುತ್ತಾರೆ. ಹೊಟ್ಟೆಗೆ ಹೋದದ್ದು ಇನ್ನೂ ಕೆಟ್ಟದ್ದು: ವಾಂತಿ, ರಕ್ತಭೇದಿ, ಜ್ವರ. ಒಡಿಶಾದ ಕೋರಾಪುಟ್ ಜಿಲ್ಲೆಯಲ್ಲಿ ಸತ್ತ ದನದ ಬಾಡು ಕೊಯ್ದು ತಿಂದವರಿಗೆ ಈ ರೋಗ ಮತ್ತೆ ಮತ್ತೆ ಬಂದಿದೆ. ಬೇಗ ಆಸ್ಪತ್ರೆಗೆ ಹೋದರೆ ಪೆನ್ಸಿಲಿನ್ ಜಾತಿಯ ಸಾಧಾರಣ ಔಷಧಿಗೆ ವಾಸಿಯಾಗುತ್ತದೆ. ಸತ್ತ ದನ ಮುಟ್ಟಿದ್ದೆ ಅಂತ ಡಾಕ್ಟರಿಗೆ ಬಾಯಿಬಿಟ್ಟು ಹೇಳಬೇಕು, ನಾಚಿಕೆ ಬೇಡ. ಹೇಳದಿದ್ದರೆ ಅವರಿಗೂ ಹೊಳೆಯುವುದಿಲ್ಲ.

ಕೆಲವು ವರ್ಷದ ಹಿಂದೆ ಪಕ್ಕದ ಊರಲ್ಲಿ ಒಂದು ಉಳುವ ಎತ್ತು ಹೀಗೇ ರಾತ್ರಿ ಕಳೆಯುವುದರಲ್ಲಿ ಸತ್ತಿತ್ತು. ನಾನು ಹೋಗುವ ಹೊತ್ತಿಗೆ ಚರ್ಮ ಸುಲಿಯಲು ಇಬ್ಬರು ಕತ್ತಿ ಮಸೆಯುತ್ತಿದ್ದರು. ಮೂಗಲ್ಲಿ ರಕ್ತ ನೋಡಿ ಒಬ್ಬ ಮುದುಕ ತಡೆದಿದ್ದ. ದನದ ಡಾಕ್ಟರು ಬಂದು ಹೊಟ್ಟೆ ಕೊಯ್ಯಲಿಲ್ಲ. ಕಿವಿಯ ತುದಿಯಿಂದ ಒಂದು ಹನಿ ರಕ್ತ ಗಾಜಿಗೆ ಸವರಿಕೊಂಡು, ಆ ಜಾಗ ಸುಟ್ಟು, ಹತ್ತಿಯಿಂದ ಮುಚ್ಚಿದರು. ಪರೀಕ್ಷೆಯಲ್ಲಿ ನೆರಡಿ ಅಂತಲೇ ಬಂತು. ಸುತ್ತಲ ಊರಿನ ದನ ಕುರಿಗೆಲ್ಲ ಲಸಿಕೆ ಹಾಕಿದರು. ಆ ಮುದುಕ ಓದು ಬರಹ ಬಲ್ಲವನಲ್ಲ.

ಲಸಿಕೆ ಹೊಸದೇನಲ್ಲ. 1881ರಲ್ಲಿ ಫ್ರಾನ್ಸಿನ ಲೂಯಿ ಪಾಶ್ಚರ್ ಎಲ್ಲರ ಮುಂದೆ ಕುರಿಗಳಿಗೆ ಹಾಕಿ ತೋರಿಸಿದ್ದು ಇದೇ ರೋಗದ ಲಸಿಕೆ. ನಮ್ಮಲ್ಲಿ ಬೆಂಗಳೂರು ಹೆಬ್ಬಾಳದ ಪಶು ಆರೋಗ್ಯ ಸಂಸ್ಥೆ ತಯಾರಿಸುತ್ತದೆ. ಒಮ್ಮೆ ಈ ರೋಗ ಕಂಡ ಊರಲ್ಲಿ ವರ್ಷಕ್ಕೊಂದು ಸಲ, ಮಳೆಗಾಲಕ್ಕೆ ಮುಂಚೆ ಹಾಕಿಸಬೇಕು.

ದಿಢೀರ್ ಸತ್ತ ದನ, ಕುರಿ ಕಂಡರೆ ಕೊಯ್ಯಬೇಡಿ, ಎಳೆದಾಡಬೇಡಿ, ನಾಯಿ ಕಾಗೆ ಬರದಂತೆ ಕಾಯಿರಿ. ಊರಿನ ಪಶು ಆಸ್ಪತ್ರೆಗೆ ಅಥವಾ 1962ಕ್ಕೆ ಫೋನು ಮಾಡಿ. ನೆರಡಿ ಅಂತ ಅನುಮಾನ ಇದ್ದರೆ ಡಾಕ್ಟರು ತೋರಿಸಿದ ಜಾಗದಲ್ಲಿ, ಬಾವಿ ಕೆರೆಯಿಂದ ದೂರ, ಆರಡಿಗೆ ಕಡಿಮೆ ಇಲ್ಲದ ಗುಂಡಿಯಲ್ಲಿ ಚರ್ಮದ ಸಮೇತ ಹೂಳಬೇಕು, ಇಲ್ಲವೇ ಪೂರ್ತಿ ಸುಡಬೇಕು. ರಕ್ತ ಬಿದ್ದ ಮಣ್ಣು, ಹುಲ್ಲು ಅದರ ಜೊತೆಗೇ ಹೋಗಬೇಕು. ನಲವತ್ತು ಐವತ್ತು ಸಾವಿರದ ಎತ್ತು ಹೋಯಿತು, ಬಾಡಾದರೂ ಉಳಿಯಲಿ ಅನ್ನುವ ಸಂಕಟ ನನಗೆ ಗೊತ್ತು. ಅದಕ್ಕೇ ವಿಮೆ ಮಾಡಿಸಿರಬೇಕು. ದನ ಕುರಿ ಸತ್ತಾಗ ಪರಿಹಾರ ಕೊಡುವ ಅನುಗ್ರಹ ಯೋಜನೆ 2023ರಲ್ಲಿ ಮತ್ತೆ ಶುರುವಾದಾಗ ಹಸು, ಎಮ್ಮೆ, ಎತ್ತಿಗೆ 10 ಸಾವಿರ, ಕುರಿ ಮೇಕೆಗೆ 5 ಸಾವಿರ ಅಂತ ಇಟ್ಟಿದ್ದರು. ಈಗಿನ ಮೊತ್ತ, ಅರ್ಜಿಯ ಕ್ರಮ ಆಸ್ಪತ್ರೆಯಲ್ಲೇ ಕೇಳಿ.

ಬೇರೆ ರೋಗಗಳ ಮಾತು ಬೇಗ ಮುಗಿಸುತ್ತೇನೆ. ಚಪ್ಪೆರೋಗ ಮನುಷ್ಯರಿಗೆ ಹತ್ತುವುದಿಲ್ಲ, ಆದರೆ ಅದರಲ್ಲೂ ದನ ದಿಢೀರನೆ ಸಾಯುತ್ತದೆ. ಕೊಯ್ಯದೆ ಅದೋ ಇದೋ ಹೇಳಲಾಗದು, ಕೊಯ್ಯುವಂತಿಲ್ಲ. 2022ರಲ್ಲಿ ನಮ್ಮನ್ನು ಕಾಡಿದ ಚರ್ಮಗಂಟು ರೋಗವೂ ಮನುಷ್ಯರಿಗೆ ಬರುವುದಿಲ್ಲ. ಕಂದು ರೋಗ ಬರುತ್ತದೆ, ಹಸಿ ಹಾಲಿಂದ, ಕಂದು ಹಾಕಿದ ಕರು, ಕಸ ಬರಿಗೈಯಲ್ಲಿ ಎತ್ತುವುದರಿಂದ. ಬಿಟ್ಟು ಬಿಟ್ಟು ಬರುವ ಜ್ವರ, ಕೀಲುನೋವು ಅದರ ಗುರುತು. ಬಾಡಿಂದ ಬರುವ ಇನ್ನೊಂದು ಉಪದ್ರವ ಲಾಡಿಹುಳು. ಹುಳು ಇರುವ ಮನುಷ್ಯ ಬಯಲಲ್ಲಿ ಕೂತರೆ ಅದರ ಮೊಟ್ಟೆ ಹುಲ್ಲಿಗೆ, ಹುಲ್ಲಿಂದ ದನಕ್ಕೆ, ದನದ ಬಾಡಲ್ಲಿ ಸಾಬೂದಾನಿಯಂಥ ಗುಳ್ಳೆಯಾಗಿ ಕೂತು, ಅರೆಬೆಂದದ್ದನ್ನು ತಿಂದವನ ಹೊಟ್ಟೆಗೆ. ಚೆನ್ನಾಗಿ ಬೆಂದರೆ ಸಾಯುತ್ತದೆ. ಕಕ್ಕಸು ಬಳಸಿದರೆ ಈ ಸುತ್ತು ಮೊದಲೇ ಮುರಿಯುತ್ತದೆ.

ಸೂಜಿ ಚುಚ್ಚಿದ ದನ

ಈ ಮಾತು ಬಾಡು ತಿನ್ನದವರಿಗೂ ಸೇರಿದ್ದು. ದನಕ್ಕೆ ಕೊಟ್ಟ ಔಷಧಿ ಒಂದು ದಿನದಲ್ಲಿ ಮಾಯವಾಗುವುದಿಲ್ಲ. ಹಾಲಲ್ಲಿ, ಬಾಡಲ್ಲಿ, ಎಲ್ಲಕ್ಕಿಂತ ಹೆಚ್ಚಾಗಿ ಈಲಿ, ಮೂತ್ರಪಿಂಡದಲ್ಲಿ ಉಳಿಯುತ್ತದೆ. ಬಹಳ ದಿನ ಕೆಲಸ ಮಾಡುವ ಆಕ್ಸಿಟೆಟ್ರಾಸೈಕ್ಲಿನ್ ಸೂಜಿಗೆ ಬಾಡಿನ ಲೆಕ್ಕದಲ್ಲಿ 28 ದಿನ, ಉಣ್ಣೆ ಹುಳಕ್ಕೆ ಚರ್ಮದಡಿ ಕೊಡುವ ಐವರ್‌ಮೆಕ್ಟಿನ್‌ಗೆ 35 ದಿನ ಬಿಡಬೇಕು ಅಂತ ಸಾಮಾನ್ಯವಾಗಿ ಸೀಸೆಯ ಚೀಟಿಯಲ್ಲಿರುತ್ತದೆ. ಕೆಚ್ಚಲು ಬಾವಿನ ಟ್ಯೂಬು ಹಾಕಿದ ಮೇಲೆ ಕನಿಷ್ಠ ಮೂರು ನಾಲ್ಕು ದಿನದ ಹಾಲು ಚೆಲ್ಲಬೇಕು. ಚೆಲ್ಲುವವರು ಎಷ್ಟು ಜನ? ಸೂಜಿ ಹಾಕಿಸಿದ ದಿನವೇ ಎಷ್ಟು ದಿನ ಬಿಡಬೇಕು ಅಂತ ಡಾಕ್ಟರನ್ನು ಕೇಳಿ ಗೋಡೆ ಮೇಲೆ ತಾರೀಕು ಬರೆದುಕೊಳ್ಳಿ. ಇಲ್ಲದಿದ್ದರೆ ಆ ಔಷಧಿ ಸಣ್ಣ ಸಣ್ಣ ಪ್ರಮಾಣದಲ್ಲಿ ನಮ್ಮ ಮಕ್ಕಳ ಹೊಟ್ಟೆಗೆ ಹೋಗಿ, ನಾಳೆ ಅವರಿಗೆ ಜ್ವರ ಬಂದಾಗ ಅದೇ ಜಾತಿಯ ಔಷಧಿ ನಾಟದ ಹಾಗೆ ಆಗುತ್ತದೆ.

ಹದ್ದುಗಳ ಕಥೆ ಎಲ್ಲರಿಗೂ ಗೊತ್ತಿರಬೇಕು. ನಾನು ಹುಡುಗನಾಗಿದ್ದಾಗ ಸತ್ತ ದನ ಬಿಸಾಕಿದ ಕಡೆ ರಣಹದ್ದು ಇಳಿಯುತ್ತಿದ್ದವು, ಸಾಯಂಕಾಲಕ್ಕೆ ಬರೀ ಮೂಳೆ. ದನಕ್ಕೆ ನೋವಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಸೂಜಿ ಅವುಗಳ ಮೂತ್ರಪಿಂಡ ಕೆಡಿಸಿತು ಅಂತ 2004ರಲ್ಲಿ ಗೊತ್ತಾಯಿತು. 2006ರಲ್ಲಿ ದನಕ್ಕೆ ಅದನ್ನು ನಿಷೇಧಿಸಿದರು. ಅಷ್ಟರಲ್ಲಿ ದೇಶದ ಹದ್ದು ನೂರಕ್ಕೆ ತೊಂಬತ್ತರ ಮೇಲೆ ಹೋಗಿದ್ದವು. ಈಗ ಆ ಜಾಗದಲ್ಲಿ ನಾಯಿಗಳಿವೆ.

ಅಡುಗೆಮನೆಯಲ್ಲಿ

13 ವರ್ಷ ದಾಟಿದ ಎಮ್ಮೆ ಬಾಡು ಗಟ್ಟಿ. ಕಾಯಿ ಪರಂಗಿಯ ಒಂದು ತುಂಡು ಅರೆದು ಸವರಿ ಅರ್ಧ ಗಂಟೆ ಬಿಟ್ಟರೆ ನಾರು ಸಡಿಲವಾಗುತ್ತದೆ. ಕುಕ್ಕರ್ ಇದ್ದರೆ ಸೌದೆ ಉಳಿಯುತ್ತದೆ, ಇಲ್ಲದಿದ್ದರೆ ಸಣ್ಣ ಉರಿಯಲ್ಲಿ ಎರಡು ಗಂಟೆ. ತುಂಡು ಮುರಿದರೆ ನಡುವೆ ಕೆಂಪು ಕಾಣಬಾರದು. ಇಡೀ ತುಂಡಿನಲ್ಲಿ ಕೊಳಕು ಮೇಲ್ಮೈಯಲ್ಲಿ ಇರುತ್ತದೆ, ಕೈಮಾ ಮಾಡಿದರೆ ಅದು ಒಳಗೂ ಸೇರಿಬಿಡುತ್ತದೆ. ಹಾಗಾಗಿ ಕೈಮಾವನ್ನು ಮಾತ್ರ ಇನ್ನೂ ಹೆಚ್ಚು ಬೇಯಿಸಬೇಕು. ಬಾಡು ಕೊಯ್ದ ಮಣೆ, ಚಾಕುವಿನಲ್ಲೇ ಈರುಳ್ಳಿ ಸೌತೆ ಕೊಯ್ಯಬೇಡಿ. ಈಲಿ ಕೊಯ್ದಾಗ ಎಲೆಯಂಥ ಚಪ್ಪಟೆ ಹುಳು, ಬಿಳೀ ಗಂಟು ಕಂಡರೆ ಪೂರ್ತಿ ಬಿಸಾಕಿ, ನಾಯಿಗೂ ಹಾಕಬೇಡಿ. ಬಸುರಿ ಹೆಂಗಸರಿಗೆ ರಕ್ತ ಬರಲಿ ಅಂತ ಪದೇ ಪದೇ ಈಲಿ ಕೊಡುವ ರೂಢಿ ಇದೆ. ಅದರಲ್ಲಿ ವಿಟಮಿನ್ ಎ ವಿಪರೀತ ಇರುವುದರಿಂದ ಹೊಟ್ಟೆಯ ಮಗುವಿಗೆ ಒಳ್ಳೇದಲ್ಲ. ಅವರಿಗೆ ಬಾಡು ಕೊಡಿ, ಆಸ್ಪತ್ರೆಯ ಕಬ್ಬಿಣದ ಮಾತ್ರೆ ತಪ್ಪಿಸಬೇಡಿ.

ಖಂಡ ಒಣಗಿಸುವವರು ಬೆರಳಿಗಿಂತ ತೆಳ್ಳಗೆ ಉದ್ದಕ್ಕೆ ಸೀಳಿ, ಕೊಬ್ಬು ತೆಗೆದು, ಉಪ್ಪು ಅರಿಶಿನ ಸವರಿ, ನೊಣ ಕೂರದಂತೆ ತೆಳು ಬಟ್ಟೆ ಹೊದಿಸಿ ಬಿಸಿಲಲ್ಲಿ ನೇತುಹಾಕಬೇಕು. ರಾತ್ರಿ ಒಳಗೆ ತರಬೇಕು, ಇಬ್ಬನಿ ತಾಗಿದರೆ ಬೂಸು ಹಿಡಿಯುತ್ತದೆ. ನಮ್ಮ ಕಡೆ ಸಂಕ್ರಾಂತಿಯಿಂದ ಯುಗಾದಿಯವರೆಗಿನ ಬಿಸಿಲು ಇದಕ್ಕೆ ಸರಿ, ನಾಲ್ಕೈದು ದಿನ ಸಾಕು. ಬಾಗಿಸಿದರೆ ಬಳುಕದೆ ಮುರಿಯಬೇಕು. ಬಳುಕಿದರೆ ಒಳಗೆ ಇನ್ನೂ ಹಸಿ ಇದೆ ಅಂತ ಅರ್ಥ, ಡಬ್ಬಿಗೆ ಹಾಕಬೇಡಿ. ಮೋಡದ ದಿನಗಳಲ್ಲಿ ಒಣಗಿಸಲು ಹೋಗಬಾರದು. ಆವತ್ತಿಗೆ ಎಷ್ಟು ಬೇಕೋ ಅಷ್ಟೇ ತಂದು ಸಾರು ಮಾಡಿ.